ಮುಂದಿನ ತಟ್ಟೆಯಲ್ಲಿ ಏನಿರುತ್ತದೆ?

ಮೆಚ್ಚಿನ ಗಾಯಕನ ಹೊಸ ಹಾಡುಗಳು ಬರಲಿವೆ ಎಂಬ ಸುದ್ದಿ ಹೊರಬಿದ್ದರೆ ಸಾಕು, ಹಾಡು ಬರುವ ಮೊದಲೇ ಅದರ ಬಗ್ಗೆ ಚರ್ಚೆ ಶುರುವಾಗುತ್ತದೆ. 'ಈ ಸಲ ಹಳೆಯ ಶೈಲಿಗೇ ಮರಳುತ್ತಾನಂತೆ' ಎನ್ನುತ್ತಾನೆ ಒಬ್ಬ. 'ಇಲ್ಲ, ಈ ಸಲ ವಾದ್ಯಗಳೇ ಬೇರೆಯಂತೆ' ಎನ್ನುತ್ತಾನೆ ಇನ್ನೊಬ್ಬ. ಕಾಲೇಜಿನ ಕ್ಯಾಂಟೀನಿನಲ್ಲೋ ಬಸ್ ನಿಲ್ದಾಣದಲ್ಲೋ ನೀವೂ ಇಂಥ ಚರ್ಚೆಯಲ್ಲಿ ಪಾಲ್ಗೊಂಡಿರಬಹುದು. ಇನ್ನೂ ಕೇಳದ ಹಾಡಿನ ಬಗ್ಗೆ ಇಷ್ಟು ಖಚಿತವಾಗಿ ಮಾತನಾಡುವ ಈ ಅಭ್ಯಾಸಕ್ಕೂ ಒಂದು ಇತಿಹಾಸವಿದೆ. ಅದರಲ್ಲಿ ಕೆಲವೊಮ್ಮೆ ಪ್ರೀತಿ, ಕೆಲವೊಮ್ಮೆ ಕೋಪ, ಕೆಲವೊಮ್ಮೆ ದೊಡ್ಡ ನಿರಾಸೆಯೂ ಸೇರಿವೆ. ಅಮೆರಿಕದ ಗಾಯಕ ಬಾಬ್ ಡಿಲನ್ ಅವರ ಕತೆ ಇದಕ್ಕೆ ಒಳ್ಳೆಯ ಉದಾಹರಣೆ.

ನಾನು ವಿಜ್ಞಾನ ಓದಿದವನು. ಪ್ರಯೋಗಾಲಯದಲ್ಲಿ ನಮಗೆ ಮೊದಲು ಕಲಿಸಿದ್ದು ಗ್ರಾಫ್ ಹಾಳೆಯ ಪಾಠ. ನಾಲ್ಕೈದು ಅಳತೆಗಳನ್ನು ತೆಗೆದುಕೊಂಡು, ಬಿಂದುಗಳನ್ನು ಗುರುತಿಸಿ, ಅವುಗಳ ನಡುವೆ ಗೆರೆ ಎಳೆಯುವುದು. ಅಳತೆ ಮಾಡದ ಕಡೆಗೂ ಆ ಗೆರೆಯನ್ನು ಚುಕ್ಕೆಚುಕ್ಕೆಯಾಗಿ ಮುಂದುವರಿಸುವುದು. ನಮ್ಮ ಮೇಷ್ಟ್ರು ಆ ಚುಕ್ಕೆಗೆರೆಯ ಮೇಲೆ ಬೆರಳಿಟ್ಟು, 'ಇದು ಅಳತೆಯಲ್ಲಪ್ಪ, ನಿನ್ನ ನಂಬಿಕೆ' ಎನ್ನುತ್ತಿದ್ದರು. ಅಭಿಮಾನಿಗಳು ಮುಂದಿನ ಹಾಡಿನ ಬಗ್ಗೆ ಊಹಿಸುವಾಗ ಮಾಡುವುದೂ ಇದನ್ನೇ.

ಬಿಂದುಗಳು ಮತ್ತು ಗೆರೆ

ಡಿಲನ್ ಹುಟ್ಟಿದ್ದು 1941ರ ಮೇ 24ರಂದು, ಮಿನ್ನೆಸೋಟ ರಾಜ್ಯದ ಡುಲುತ್ ಎಂಬ ಊರಿನಲ್ಲಿ. ಮೊದಲಿನ ಹೆಸರು ರಾಬರ್ಟ್ ಜಿಮ್ಮರ್‌ಮನ್. 1961ರ ಜನವರಿಯಲ್ಲಿ ನ್ಯೂಯಾರ್ಕಿಗೆ ಬಂದಾಗ ಅವರಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಬಡವರ, ವಲಸೆಗಾರರ ಬವಣೆಯನ್ನು ಹಾಡಿದ ಜಾನಪದ ಗಾಯಕ ವುಡಿ ಗತ್ರಿ ಆಗ ಕಾಯಿಲೆಯಿಂದ ಆಸ್ಪತ್ರೆಯಲ್ಲಿದ್ದರು. ಅವರನ್ನು ಕಾಣಬೇಕೆಂಬುದು ಡಿಲನ್ ಅವರ ಆಸೆಗಳಲ್ಲೊಂದಾಗಿತ್ತು. 1962ರಲ್ಲಿ ಮೊದಲ ಎಲ್.ಪಿ. ತಟ್ಟೆ ಬಂತು. 1963ರ ಮೇ ತಿಂಗಳಲ್ಲಿ ಬಂದ ಎರಡನೆಯ ತಟ್ಟೆಯಲ್ಲಿ 'ಬ್ಲೋಯಿಂಗ್ ಇನ್ ದ ವಿಂಡ್' ಇತ್ತು. ಪೀಟರ್, ಪಾಲ್ ಅಂಡ್ ಮೇರಿ ತಂಡದ ದನಿಯಲ್ಲಿ ಅದು ಮನೆಮನೆಯ ಹಾಡಾಯಿತು.

ಆ ವರ್ಷ ಅಮೆರಿಕದಲ್ಲಿ ಕರಿಯರ ನಾಗರಿಕ ಹಕ್ಕುಗಳ ಚಳವಳಿ ಉಚ್ಛ್ರಾಯದಲ್ಲಿತ್ತು. 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಪ್ರಸಿದ್ಧ ಭಾಷಣ ಮಾಡಿದ ಆ ದಿನವೇ 22 ವರ್ಷದ ಡಿಲನ್ ಕೂಡ ಅಲ್ಲಿ ಹಾಡಿದರು. ಅದೇ ಬೇಸಿಗೆಯಲ್ಲಿ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಹಿರಿಯ ಗಾಯಕ ಪೀಟ್ ಸೀಗರ್ ಮೊದಲಾದವರೊಡನೆ ವೇದಿಕೆಯ ಮೇಲೆ ನಿಂತಿದ್ದರು. 1964ರ ಆರಂಭದಲ್ಲಿ ಬಂದ ಮೂರನೆಯ ತಟ್ಟೆ ಬಹುಮಟ್ಟಿಗೆ ಅನ್ಯಾಯದ ವಿರುದ್ಧದ ದನಿ.

ಅಭಿಮಾನಿಗಳ ಗೆರೆ ಸಿದ್ಧವಾಯಿತು. ಒಂದು ಗಿಟಾರು, ಒಂದು ಮೌತ್ ಆರ್ಗನ್, ಒಬ್ಬ ಯುವಕ, ಒಂದು ಚಳವಳಿ. ಮುಂದಿನ ತಟ್ಟೆ ಇನ್ನೂ ತೀಕ್ಷ್ಣವಾಗಿರುತ್ತದೆ ಎಂದು ಅವರು ಎಣಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ 1964ರ ಆಗಸ್ಟಿನಲ್ಲಿ ಬಂದ ನಾಲ್ಕನೆಯ ತಟ್ಟೆಯಲ್ಲಿ ಚಳವಳಿಗಿಂತ ಹೆಚ್ಚಾಗಿ ಪ್ರೀತಿ, ವಿರಹ, ಸ್ವಂತ ಮನಸ್ಸಿನ ಗೊಂದಲಗಳಿದ್ದವು. ಜಾನಪದ ಸಂಗೀತದ ಪತ್ರಿಕೆ 'ಸಿಂಗ್ ಔಟ್!'ನ ಸಂಪಾದಕ ಇರ್ವಿನ್ ಸಿಲ್ಬರ್ ಅದೇ ನವೆಂಬರಿನಲ್ಲಿ ಡಿಲನ್ ಅವರಿಗೆ ಒಂದು ಬಹಿರಂಗ ಪತ್ರ ಬರೆದರು. ಹೊಸ ಹಾಡುಗಳು ಒಳಮುಖವಾಗಿವೆ, ನೀವು ಜನರಿಂದ ದೂರವಾಗುತ್ತಿದ್ದೀರಿ ಎಂಬುದು ಅದರ ಸಾರ.

ಈ ಪತ್ರವನ್ನು ಇಂದು ಓದಿ ನಗುವುದು ಸುಲಭ. ಆದರೆ ಅಂದಿನ ಪರಿಸ್ಥಿತಿಯನ್ನು ಯೋಚಿಸಿ. ದಕ್ಷಿಣದ ರಾಜ್ಯಗಳಲ್ಲಿ ಮತದಾನದ ಹಕ್ಕು ಕೇಳಿದವರನ್ನು ಕೊಲ್ಲುತ್ತಿದ್ದ ಕಾಲ ಅದು. ಸಭೆಗಳಲ್ಲಿ ಜನರಿಗೆ ಧೈರ್ಯ ತುಂಬುತ್ತಿದ್ದುದು ಹಾಡು. ಒಬ್ಬ ಒಳ್ಳೆಯ ಹಾಡುಗಾರ ದೂರ ಸರಿದರೆ ಅದು ಅವರಿಗೆ ರುಚಿಯ ಪ್ರಶ್ನೆಯಾಗಿರಲಿಲ್ಲ, ನಷ್ಟದ ಪ್ರಶ್ನೆಯಾಗಿತ್ತು.

ಬಿಟ್ಟುಹೋದ ಬಿಂದುಗಳು

ಹಾಗಾದರೆ ಡಿಲನ್ ಇದ್ದಕ್ಕಿದ್ದಂತೆ ಬದಲಾದರೇ? ದಾಖಲೆಗಳನ್ನು ನೋಡಿದರೆ ಹಾಗೆನಿಸುವುದಿಲ್ಲ. 1959ರ ಅವರ ಶಾಲಾ ವಾರ್ಷಿಕ ಸಂಚಿಕೆಯಲ್ಲಿ ಅವರ ಭಾವಚಿತ್ರದ ಜೊತೆಗೆ ಜೀವನದ ಗುರಿಯೂ ಅಚ್ಚಾಗಿದೆ: ರಾಕ್ ಅಂಡ್ ರೋಲ್ ಗಾಯಕ ಲಿಟ್ಲ್ ರಿಚರ್ಡ್ ಅವರನ್ನು ಸೇರಿಕೊಳ್ಳುವುದು! ಹುಡುಗನಾಗಿದ್ದಾಗ ಅವರು ಶಾಲೆಯ ವೇದಿಕೆಯಲ್ಲಿ ನುಡಿಸುತ್ತಿದ್ದುದೂ ರಾಕ್ ಸಂಗೀತವನ್ನೇ. 1962ರ ಡಿಸೆಂಬರಿನಲ್ಲಿ ವಿದ್ಯುತ್ ಗಿಟಾರಿನ ತಂಡದೊಂದಿಗೆ ಹಾಡಿದ ಒಂದು ಚಿಕ್ಕ ತಟ್ಟೆಯೂ ಬಂದಿತ್ತು. ಅದನ್ನು ಬೇಗನೆ ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿದ್ದರಿಂದ ಹೆಚ್ಚು ಜನ ಕೇಳಲಿಲ್ಲ.

ಅಂದರೆ ಗ್ರಾಫ್ ಹಾಳೆಯ ಮೇಲೆ ಇನ್ನೂ ಕೆಲವು ಬಿಂದುಗಳಿದ್ದವು. ಕೆಲವನ್ನು ಅಭಿಮಾನಿಗಳು ನೋಡಿರಲಿಲ್ಲ, ಕೆಲವನ್ನು ನೋಡಿಯೂ ಗೆರೆಗೆ ಹೊಂದಲಿಲ್ಲವೆಂದು ಬಿಟ್ಟಿದ್ದರು.

1965ರ ಮಾರ್ಚಿನಲ್ಲಿ ಬಂದ ತಟ್ಟೆಯ ಒಂದು ಮಗ್ಗುಲಲ್ಲಿ ವಿದ್ಯುತ್ ವಾದ್ಯಗಳ ತಂಡವಿತ್ತು. ಇನ್ನೊಂದು ಮಗ್ಗುಲು ಬಹುಮಟ್ಟಿಗೆ ಹಳೆಯ ರೀತಿಯದು. ಆ ವಸಂತದಲ್ಲಿ ಡಿಲನ್ ಇಂಗ್ಲೆಂಡಿನಲ್ಲಿ ಪ್ರವಾಸ ಮಾಡಿದರು. ಡಿ. ಎ. ಪೆನ್ನೆಬೇಕರ್ ಅದನ್ನು ಚಿತ್ರೀಕರಿಸಿ 1967ರಲ್ಲಿ ಸಾಕ್ಷ್ಯಚಿತ್ರವಾಗಿ ಹೊರತಂದರು. ನನ್ನಂಥ ದೃಶ್ಯ ಮಾಧ್ಯಮದವರು ಮತ್ತೆ ಮತ್ತೆ ನೋಡುವ ಚಿತ್ರ ಅದು. ಅದರಲ್ಲಿ ಕೆಲವು ಹುಡುಗಿಯರು ಡಿಲನ್ ಅವರ ಮುಂದೆಯೇ ನಿಂತು ಹೊಸ ಹಾಡು ತಮಗೆ ಹಿಡಿಸಲಿಲ್ಲ, ಅದು ನಿಮ್ಮದೆನಿಸುವುದೇ ಇಲ್ಲ ಎಂಬರ್ಥದಲ್ಲಿ ಮಾತನಾಡುವ ಒಂದು ಪುಟ್ಟ ದೃಶ್ಯವಿದೆ. ಹಾಡಿದವನ ಎದುರಿಗೇ ನಿಂತು 'ಇದು ನೀನಲ್ಲ' ಎನ್ನುವ ಅಧಿಕಾರ ಅವರಿಗೆ ಎಲ್ಲಿಂದ ಬಂತು? ಹಳೆಯ ಹಾಡುಗಳನ್ನು ಅಷ್ಟು ಪ್ರೀತಿಯಿಂದ ಕೇಳಿದ್ದರಿಂದಲೇ ಬಂತು.

ನ್ಯೂಪೋರ್ಟಿನ ರಾತ್ರಿ

1965ರ ಜುಲೈ 25ರ ರಾತ್ರಿ ನ್ಯೂಪೋರ್ಟ್ ಉತ್ಸವದ ವೇದಿಕೆಗೆ ಡಿಲನ್ ವಿದ್ಯುತ್ ಗಿಟಾರು ಹಿಡಿದು, ತಂಡದೊಂದಿಗೆ ಬಂದರು. ಮೂರು ಹಾಡು ಹಾಡಿ ಇಳಿದುಹೋದರು. ಸಭೆಯಲ್ಲಿ ಗದ್ದಲವೆದ್ದಿತು. ಮತ್ತೆ ಕರೆದಾಗ ಬಂದು, ಸಾದಾ ಗಿಟಾರಿನೊಂದಿಗೆ ಒಬ್ಬರೇ ನಿಂತು ಇನ್ನೆರಡು ಹಾಡಿದರು.

ಜನ ಕೂಗಿದ್ದೇಕೆ? ವಿದ್ಯುತ್ ವಾದ್ಯ ಕಂಡು ಸಿಟ್ಟಾಗಿದ್ದಕ್ಕೆ ಎನ್ನುತ್ತಾರೆ ಕೆಲವರು. ಧ್ವನಿವರ್ಧಕದ ವ್ಯವಸ್ಥೆ ಕೆಟ್ಟು ಸಾಹಿತ್ಯವೇ ಕೇಳಿಸಲಿಲ್ಲ ಎನ್ನುತ್ತಾರೆ ಇನ್ನು ಕೆಲವರು. ಅಷ್ಟು ದೂರದಿಂದ ಬಂದವರಿಗೆ ಮೂರೇ ಹಾಡು ಸಿಕ್ಕಿದ್ದಕ್ಕೆ ಎನ್ನುವವರೂ ಉಂಟು. ಪೀಟ್ ಸೀಗರ್ ಕೊಡಲಿಯಿಂದ ತಂತಿ ಕಡಿಯಲು ಹೋದರು ಎಂಬ ಕತೆಯಂತೂ ಜಗತ್ಪ್ರಸಿದ್ಧ. ಕೊಡಲಿಯಿದ್ದಿದ್ದರೆ ತಂತಿ ಕಡಿದುಬಿಡುತ್ತಿದ್ದೆ ಎಂದು ತಾವು ಹೇಳಿದ್ದುಂಟು, ಹಾಡಿನ ಮಾತು ಕೇಳಿಸದ್ದೇ ಅದಕ್ಕೆ ಕಾರಣ ಎಂದು ಸೀಗರ್ ಮುಂದೆ ವಿವರಿಸಿದರು. ಮರ್ರೆ ಲರ್ನರ್ ಅಂದು ತೆಗೆದ ದೃಶ್ಯಗಳು 2007ರಲ್ಲಿ ಸಾಕ್ಷ್ಯಚಿತ್ರವಾಗಿ ಬಂದವು. ಅದರಲ್ಲಿ ಕೂಗು, ಚಪ್ಪಾಳೆ ಎರಡೂ ಕೇಳುತ್ತವೆ. ಕ್ಯಾಮೆರಾ ಕೂಗನ್ನು ದಾಖಲಿಸಬಲ್ಲದು, ಕೂಗಿದವನ ಮನಸ್ಸನ್ನಲ್ಲ. ಇತಿಹಾಸದ ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು.

ಮರುವರ್ಷದ ವಿಶ್ವ ಪ್ರವಾಸದಲ್ಲಿ ಡಿಲನ್ ಕಾರ್ಯಕ್ರಮದ ಮೊದಲರ್ಧ ಒಬ್ಬರೇ, ಎರಡನೆಯ ಅರ್ಧ ತಂಡದೊಂದಿಗೆ ಹಾಡಿದರು. 1966ರ ಮೇ 17ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಸಭಿಕನೊಬ್ಬ 'ಜೂದಾಸ್!' ಎಂದು ಕೂಗಿದ. ಏಸುವನ್ನು ಹಿಡಿದುಕೊಟ್ಟ ಶಿಷ್ಯನ ಹೆಸರು ಅದು. ಆ ವೇಳೆಗೆ ಹೊಸ ಶೈಲಿಯ ಎರಡು ತಟ್ಟೆಗಳು ಅಂಗಡಿಗಳಲ್ಲಿದ್ದವು. ಏನು ಕೇಳಿಸುತ್ತದೆಂದು ಗೊತ್ತಿದ್ದೂ ಜನ ಟಿಕೆಟ್ ಕೊಂಡಿದ್ದರು. ಊಹೆ ಸುಳ್ಳಾದ ಮೇಲೂ ಆಸೆ ಸಾಯುವುದಿಲ್ಲ.

ಈ ಕಛೇರಿಯ ಕಳ್ಳ ಧ್ವನಿಮುದ್ರಿಕೆ ಬಹುಕಾಲ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನದೆಂಬ ಹೆಸರಿನಲ್ಲಿ ಓಡಾಡಿತು. ಅಧಿಕೃತ ಮುದ್ರಿಕೆ ಬಂದದ್ದು 1998ರಲ್ಲಿ. ತಪ್ಪು ಚೀಟಿ ಅಂಟಿಸಿದ ಒಂದು ಡಬ್ಬಿ ಇತಿಹಾಸವನ್ನು ಎಷ್ಟು ವರ್ಷ ದಾರಿ ತಪ್ಪಿಸಬಹುದು ನೋಡಿ.

ಒಂದೂವರೆ ವರ್ಷದ ಮೌನ

1966ರ ಜುಲೈ 29ರಂದು ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್ ಬಳಿ ಡಿಲನ್ ಮೋಟಾರ್ ಸೈಕಲ್ಲಿನಿಂದ ಬಿದ್ದರು. ಕಾರ್ಯಕ್ರಮಗಳೆಲ್ಲ ರದ್ದಾದವು. ಸುಮಾರು ಒಂದೂವರೆ ವರ್ಷ ಹೊಸ ತಟ್ಟೆಯೇ ಬರಲಿಲ್ಲ. ಸುದ್ದಿಯಿಲ್ಲದ ಕಡೆ ವದಂತಿ ಹುಟ್ಟುತ್ತದೆ. ಮುಖ ವಿಕಾರವಾಗಿದೆ ಎಂದರು, ಇನ್ನು ಹಾಡಲಾರರು ಎಂದರು, ಸತ್ತೇಹೋದರು ಎಂದವರೂ ಇದ್ದರು.

ನಿಜವಾಗಿ ಅವರು 1967ರಲ್ಲಿ ವುಡ್‌ಸ್ಟಾಕ್ ಸಮೀಪದ ಒಂದು ಮನೆಯ ನೆಲಮಾಳಿಗೆಯಲ್ಲಿ ಗೆಳೆಯರೊಂದಿಗೆ ನೂರಕ್ಕೂ ಹೆಚ್ಚು ಹಾಡುಗಳನ್ನು ಟೇಪಿಗೆ ತುಂಬುತ್ತಿದ್ದರು! ಬೇರೆ ಗಾಯಕರಿಗೆ ಕೊಡಲೆಂದು ಆಯ್ದ 14 ಹಾಡುಗಳು ಕೈಯಿಂದ ಕೈಗೆ ದಾಟಿದವು. 1968ರ ಜೂನಿನಲ್ಲಿ 'ರೋಲಿಂಗ್ ಸ್ಟೋನ್' ಪತ್ರಿಕೆ ಈ ಟೇಪನ್ನು ಬಿಡುಗಡೆ ಮಾಡಬೇಕೆಂದು ಮುಖಪುಟದಲ್ಲೇ ಒತ್ತಾಯಿಸಿತು. 1969ರಲ್ಲಿ ಲಾಸ್ ಏಂಜಲೀಸಿನಲ್ಲಿ ಇವುಗಳಲ್ಲಿ ಕೆಲವು ಹಾಡುಗಳಿದ್ದ ಕಳ್ಳ ತಟ್ಟೆ, ಹೆಸರೇ ಇಲ್ಲದ ಬಿಳಿ ರಟ್ಟಿನ ಹೊದಿಕೆಯಲ್ಲಿ ಮಾರಾಟವಾಯಿತು. ರಾಕ್ ಸಂಗೀತದ ಮೊದಮೊದಲ ಕಳ್ಳ ತಟ್ಟೆಗಳಲ್ಲಿ ಅದೂ ಒಂದು. ಅಧಿಕೃತವಾಗಿ ಕೆಲವು ಹಾಡುಗಳು ಬಂದದ್ದು 1975ರಲ್ಲಿ, ಪೂರ್ಣ ಸಂಗ್ರಹ ಬಂದದ್ದು 2014ರಲ್ಲಿ.

1967 ಬೀಟಲ್ಸ್ ತಂಡದ 'ಸಾರ್ಜೆಂಟ್ ಪೆಪ್ಪರ್' ಬಂದ ವರ್ಷ. ಎಲ್ಲೆಲ್ಲೂ ಆಡಂಬರದ ವಾದ್ಯವೃಂದ, ಬಣ್ಣಬಣ್ಣದ ಹೊದಿಕೆ. ಡಿಲನ್ ಇದನ್ನೂ ಮೀರಿಸುತ್ತಾರೆ ಎಂದು ಕಾದಿದ್ದವರಿಗೆ ಡಿಸೆಂಬರ್ 27ರಂದು ಸಿಕ್ಕಿದ್ದು 'ಜಾನ್ ವೆಸ್ಲಿ ಹಾರ್ಡಿಂಗ್'. ಗಿಟಾರು, ಮೌತ್ ಆರ್ಗನ್, ಬಾಸ್, ಡ್ರಮ್ಮು, ಬಹುಮಟ್ಟಿಗೆ ಇಷ್ಟೇ ಪಕ್ಕವಾದ್ಯ. ಮೂರೇ ದಿನಗಳಲ್ಲಿ ಮುದ್ರಿಸಿದ ಹಾಡುಗಳು. ಹೊದಿಕೆಯ ಮೇಲೆ ಕಪ್ಪುಬಿಳುಪು ಚಿತ್ರ. ಅದರಲ್ಲಿ ಡಿಲನ್ ಪಕ್ಕ ನಿಂತಿರುವ ಇಬ್ಬರು ನಮ್ಮ ದೇಶದವರು: ನಮ್ಮ ತತ್ವಪದ ಹಾಡುವವರನ್ನು ನೆನಪಿಸುವ ಬಂಗಾಳದ ಬಾವುಲ್ ಗಾಯಕರು, ಪೂರ್ಣದಾಸ್ ಮತ್ತು ಲಕ್ಷ್ಮಣದಾಸ್ ಸಹೋದರರು. ಆದರೆ ಅನೇಕ ಅಭಿಮಾನಿಗಳು ಹೊದಿಕೆಯನ್ನು ತಲೆಕೆಳಗು ಮಾಡಿ ಹಿಡಿದು, ಮರದ ತೊಗಟೆಯಲ್ಲಿ ಬೀಟಲ್ಸ್ ನಾಲ್ವರ ಮುಖಗಳನ್ನು ಹುಡುಕುತ್ತಿದ್ದರು. ಇಲ್ಲದ ಮುಖ ಹುಡುಕುವ ಭರದಲ್ಲಿ ಇದ್ದ ಮುಖಗಳ ಬಗ್ಗೆ ಕೇಳಿದವರು ಎಷ್ಟು ಮಂದಿಯೋ!

ಕಸದ ತೊಟ್ಟಿ ಮತ್ತು ಕ್ಯಾಲೆಂಡರ್

ಊಹೆಯ ಹುಚ್ಚು ಎಲ್ಲಿಗೆ ಮುಟ್ಟಿತೆಂದರೆ, 1970ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಒಬ್ಬ ಅಭಿಮಾನಿ ಡಿಲನ್ ಮನೆಯ ಕಸದ ತೊಟ್ಟಿಯನ್ನೇ ಕೆದಕಿ ಹಾಡುಗಳ ಗುಟ್ಟು ಹುಡುಕುತ್ತಿದ್ದ. ಪ್ರೀತಿ ಇಲ್ಲಿ ಮಿತಿ ಮೀರಿತು ಎಂದು ಬೇರೆ ಹೇಳಬೇಕಿಲ್ಲ.

ಇದಕ್ಕಿಂತ ಸರಳವಾದ ಒಂದು ಸಾಧನವಿದೆ, ಅದು ಕ್ಯಾಲೆಂಡರ್. 1970ರ ಜೂನ್ 8ರಂದು ಬಂದ 'ಸೆಲ್ಫ್ ಪೋರ್ಟ್ರೇಟ್' ತಟ್ಟೆಯನ್ನು ವಿಮರ್ಶಕರು ಕಟುವಾಗಿ ಟೀಕಿಸಿದರು. ಅಕ್ಟೋಬರಿನಲ್ಲಿ ಇನ್ನೊಂದು ತಟ್ಟೆ ಬಂದಾಗ, ಟೀಕೆಗೆ ಹೆದರಿ ಅವಸರದಲ್ಲಿ ಹೊಸದನ್ನು ಮಾಡಿದ್ದಾರೆ ಎಂದು ಹಲವರು ತೀರ್ಮಾನಿಸಿದರು. ಕೇಳಲು ಸರಿಯಾಗಿಯೇ ಇದೆ. ಆದರೆ ಎರಡನೆಯ ತಟ್ಟೆಯ ಬಹುಪಾಲು ಧ್ವನಿಮುದ್ರಣ ನಡೆದದ್ದು ಜೂನ್ ಮೊದಲ ವಾರದಲ್ಲಿ, ಅಂದರೆ ಟೀಕೆಗಳು ಅಚ್ಚಾಗುವ ಮೊದಲು! ಕಾರ್ಯಕ್ಕಿಂತ ಮೊದಲು ಕಾರಣ ಇರಬೇಕು ಎಂಬುದು ವಿಜ್ಞಾನದ ನಿಯಮ. ಇತಿಹಾಸಕ್ಕೂ ಅದೇ ನಿಯಮ.

ಮುಂದಿನ ದಶಕಗಳಲ್ಲೂ ಇದೇ ಆಟ ನಡೆಯಿತು. ಯಹೂದಿ ಕುಟುಂಬದಲ್ಲಿ ಹುಟ್ಟಿದ ಡಿಲನ್ 1979ರಲ್ಲಿ ಕ್ರೈಸ್ತ ಭಕ್ತಿಗೀತೆಗಳ ತಟ್ಟೆ ತಂದರು. 2015ರಿಂದ 2017ರವರೆಗೆ ಬೇರೆಯವರ ಹಳೆಯ ಹಾಡುಗಳನ್ನೇ ಹಾಡಿದ ಮೂರು ಆಲ್ಬಂಗಳು ಬಂದವು. 2016ರಲ್ಲಿ ಸಾಹಿತ್ಯದ ನೊಬೆಲ್ ಬಹುಮಾನ ಬಂತು. ಇನ್ನು ಹೊಸದಾಗಿ ಬರೆಯುವುದಿಲ್ಲವೇನೋ ಎಂಬ ಮಾತು ಹುಟ್ಟಲು ಇಷ್ಟು ಸಾಕಾಗಿತ್ತು. 2020ರ ಮಾರ್ಚ್ 27ರಂದು, ಜಗತ್ತು ಕೊರೋನಾದಿಂದ ಬಾಗಿಲು ಮುಚ್ಚಿ ಕುಳಿತಿದ್ದಾಗ, ಯಾವ ಮುನ್ಸೂಚನೆಯೂ ಇಲ್ಲದೆ ಸುಮಾರು 17 ನಿಮಿಷದ ಒಂದು ಹೊಸ ಹಾಡನ್ನು ಅವರು ಬಿಡುಗಡೆ ಮಾಡಿದರು. ಅಧ್ಯಕ್ಷ ಕೆನಡಿ ಹತ್ಯೆಯ ಕುರಿತ ಹಾಡು ಅದು. ಆಗ ಅವರಿಗೆ 78 ವರ್ಷ.

ಚುಕ್ಕೆಗೆರೆಯಿಂದ ಏನು ಉಪಯೋಗ?

ಊಹಿಸುವುದು ತಪ್ಪೇ? ಖಂಡಿತ ಅಲ್ಲ. ಊಹೆಯಿಲ್ಲದೆ ವಿಜ್ಞಾನವೂ ಇಲ್ಲ. ಆದರೆ ಅಭಿಮಾನಿಯ ಊಹೆಯಲ್ಲಿ ಗಾಯಕನ ಭವಿಷ್ಯಕ್ಕಿಂತ ಅಭಿಮಾನಿಯ ಆಸೆಯೇ ಹೆಚ್ಚಾಗಿರುತ್ತದೆ. ಸಿಲ್ಬರ್ ಅವರ ಪತ್ರ ಡಿಲನ್ ಮುಂದೇನು ಮಾಡುತ್ತಾರೆಂದು ತಿಳಿಸಲಿಲ್ಲ. 1964ರ ಅಮೆರಿಕದಲ್ಲಿ ಹಾಡಿನಿಂದ ಜನ ಏನನ್ನು ಬಯಸುತ್ತಿದ್ದರು ಎಂಬುದನ್ನು ಮಾತ್ರ ಸ್ಪಷ್ಟವಾಗಿ ತಿಳಿಸುತ್ತದೆ. ಆ ಕಾರಣಕ್ಕೇ ಸುಳ್ಳಾದ ಊಹೆಗಳೂ ಇತಿಹಾಸಕಾರನಿಗೆ ಬೆಲೆಬಾಳುವ ದಾಖಲೆ.

ನಿಮ್ಮ ಬಗ್ಗೆಯೂ ಯಾರಾದರೂ ಇಂಥ ಗೆರೆ ಎಳೆಯುತ್ತಿರಬಹುದು. ಎರಡು ಅಂಕಪಟ್ಟಿ ನೋಡಿ 'ಇವನು ಇಂಥದ್ದೇ ಆಗುತ್ತಾನೆ' ಎನ್ನುವ ಹಿರಿಯರು ಎಲ್ಲ ಮನೆಗಳಲ್ಲೂ ಇದ್ದಾರೆ. ಬಿ.ಎಸ್ಸಿ. ಮುಗಿಸಿದ ನಾನು ಕ್ಯಾಮೆರಾ, ಸಂಕಲನ ಎಂದು ದೂರದರ್ಶನಕ್ಕೆ ಬರುತ್ತೇನೆಂದು ನಮ್ಮ ಮನೆಯಲ್ಲಿ ಯಾರೂ ಎಣಿಸಿರಲಿಲ್ಲ. ಅವರ ಊಹೆಯಲ್ಲಿ ಪ್ರೀತಿ ಇತ್ತು, ಆದರೆ ಕೆಲವು ಬಿಂದುಗಳು ಬಿಟ್ಟುಹೋಗಿದ್ದವು.

ಒಂದು ಚಿಕ್ಕ ಪ್ರಯೋಗ ಮಾಡಿ. ನಿಮ್ಮ ಮೆಚ್ಚಿನ ಗಾಯಕನ ಅಥವಾ ಗಾಯಕಿಯ ಮುಂದಿನ ಹಾಡುಗಳು ಹೇಗಿರುತ್ತವೆ ಎಂದು ಒಂದು ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ, ಲಕೋಟೆಯಲ್ಲಿಟ್ಟು ಅಂಟಿಸಿ. ಯಾವ ಆಧಾರದಿಂದ ಹಾಗೆ ಹೇಳುತ್ತೀರಿ ಎಂಬುದನ್ನೂ ಬರೆಯಿರಿ. ಹಾಡು ಬಂದ ಮೇಲೆ ಮೊದಲು ಅದನ್ನು ಎರಡು ಸಲ ಪೂರ್ತಿ ಕೇಳಿ. ಆಮೇಲೆ ಲಕೋಟೆ ತೆರೆಯಿರಿ.