ಕ್ರಾಪಿನ ಹಿಂದೊಂದು ತೆರಿಗೆ

ಕ್ಷೌರದಂಗಡಿಯಲ್ಲಿ ಕುಳಿತು ‘ಕ್ರಾಪು ಸ್ವಲ್ಪ ಸಣ್ಣಗೆ ಮಾಡಪ್ಪ’ ಎನ್ನುವಾಗ ನಾವು ಬಳಸುವ ಪದ ಇಂಗ್ಲಿಷಿನಿಂದ ಬಂದದ್ದು. ಜುಟ್ಟು ತೆಗೆಸಿ ಕ್ರಾಪು ಬಿಟ್ಟ ಮಗನ ಮೇಲೆ ತಂದೆ ಮುನಿದ ಪ್ರಸಂಗಗಳು ನಮ್ಮ ಹಳೆಯ ಮನೆಗಳಲ್ಲಿ ಅಪರೂಪವಲ್ಲ. ಇಂಗ್ಲೆಂಡಿನಲ್ಲಿಯೂ ಕ್ರಾಪು ಜಗಳವಿಲ್ಲದೆ ಬರಲಿಲ್ಲ. ಅಲ್ಲಿ ಅದರ ಹಿಂದೆ ಇದ್ದದ್ದು ಯುದ್ಧ, ಗೋಧಿಯ ಅಭಾವ ಮತ್ತು ಒಂದು ತೆರಿಗೆ.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ದೊಡ್ಡ ಮನುಷ್ಯನೆನಿಸಿಕೊಳ್ಳಲು ತಲೆ ಬೆಳ್ಳಗಿರಬೇಕಿತ್ತು. ಸ್ವಂತ ಕೂದಲಿರಲಿ, ಟೋಪನ್ ಇರಲಿ, ಮೊದಲು ಅದಕ್ಕೆ ಸುಗಂಧ ಬೆರೆಸಿದ ಪ್ರಾಣಿಗಳ ಕೊಬ್ಬನ್ನು ಬಳಿಯುತ್ತಿದ್ದರು. ಪೊಮೇಡ್ ಎಂದರೆ ಇದೇ. ಅದರ ಮೇಲೆ ಬಿಳಿಯ ಪುಡಿ ಉದುರಿಸಿದರೆ ಜಿಡ್ಡಿಗೆ ಅಂಟಿ ನಿಲ್ಲುತ್ತಿತ್ತು. ಆ ಪುಡಿ ಹೆಚ್ಚಾಗಿ ಗೋಧಿಯ ಪಿಷ್ಟ. ಅಂದರೆ ಬಡವನ ಹೊಟ್ಟೆಗೆ ಹೋಗಬೇಕಾದ ಧಾನ್ಯ ಸಿರಿವಂತನ ತಲೆಯೇರಿತ್ತು.

1793ರಿಂದ ಬ್ರಿಟನ್ ಫ್ರಾನ್ಸಿನೊಡನೆ ಯುದ್ಧದಲ್ಲಿತ್ತು. 1795ರಲ್ಲಿ ಗೋಧಿಯ ಬೆಲೆ ಏರಿ, ಹಲವು ಊರುಗಳಲ್ಲಿ ರೊಟ್ಟಿಗಾಗಿ ದೊಂಬಿಗಳಾದವು. ಯುದ್ಧದ ಖರ್ಚಿಗೆ ಹಣ ಹುಡುಕುತ್ತಿದ್ದ ಪ್ರಧಾನಿ ವಿಲಿಯಂ ಪಿಟ್ ಅದೇ ವರ್ಷ ಕೂದಲ ಪುಡಿಗೆ ತೆರಿಗೆ ಹಾಕಿದ. ಪುಡಿ ಹಚ್ಚುವವರು ವರ್ಷಕ್ಕೆ ಒಂದು ಗಿನಿ, ಎಂದರೆ 21 ಷಿಲಿಂಗ್, ತೆತ್ತು ಪರವಾನಗಿ ಪಡೆಯಬೇಕಿತ್ತು. ರಾಜಮನೆತನಕ್ಕೆ, ಸೈನಿಕರಿಗೆ, ಬಡ ಪಾದ್ರಿಗಳಿಗೆ ವಿನಾಯಿತಿ ಇತ್ತು. ಗಿನಿ ಕೊಟ್ಟು ಪುಡಿ ಮೆತ್ತಿಕೊಂಡವರನ್ನು ಜನ ‘ಗಿನಿ ಪಿಗ್’ಗಳೆಂದು ಗೇಲಿ ಮಾಡಿದರು.

ಪಿಟ್‌ನ ವಿರೋಧಿಯಾಗಿದ್ದ ಬೆಡ್‌ಫರ್ಡಿನ ಡ್ಯೂಕ್ ಮತ್ತು ಅವನ ಗೆಳೆಯರು ಇದಕ್ಕೆ ಬೇರೊಂದು ಉತ್ತರ ಕೊಟ್ಟರು. ಪುಡಿಯನ್ನು ಬಿಟ್ಟು ತಲೆಗೂದಲನ್ನೇ ಗಿಡ್ಡಗೆ ಕತ್ತರಿಸಿಕೊಂಡರು. ಇದಕ್ಕೆ ‘ಬೆಡ್‌ಫರ್ಡ್ ಕ್ರಾಪ್’ ಎಂದೇ ಹೆಸರಾಯಿತು. ಗಿಡ್ಡ ಕೂದಲು ಫ್ರೆಂಚ್ ಕ್ರಾಂತಿಯ ಒಲವಿನ ಗುರುತಾಗಿಯೂ ಕಂಡಿತು. 1798ರಲ್ಲಿ ಐರ್ಲೆಂಡಿನ ಬಂಡುಕೋರರನ್ನು ‘ಕ್ರಾಪಿ’ಗಳೆಂದೇ ಕರೆಯಲಾಯಿತು. ಪುಡಿಯ ಬಳಕೆ ಕುಗ್ಗುತ್ತ ಹೋಯಿತು. ಬಹುಮಟ್ಟಿಗೆ ನಿರುಪಯೋಗಿಯಾಗಿದ್ದ ಈ ತೆರಿಗೆಯನ್ನು 1869ರಲ್ಲಿ ರದ್ದುಪಡಿಸಿದರು.

ಕೂದಲು ಗಿಡ್ಡವಾದ ಮೇಲೆ ಬೇಕಾದದ್ದು ಹೊಳಪು. ಲಂಡನ್ನಿನ ರೋಲೆಂಡ್ ಎಂಬ ಕ್ಷೌರಿಕನ ‘ಮಕಾಸರ್ ಎಣ್ಣೆ’ ಹತ್ತೊಂಬತ್ತನೆಯ ಶತಮಾನದಲ್ಲಿ ಮನೆಮಾತಾಯಿತು. ಎಣ್ಣೆತಲೆ ತಗಲಿ ಕುರ್ಚಿಗಳು ಕೊಳೆಯಾಗತೊಡಗಿದಾಗ ಗೃಹಿಣಿಯರು ಕುರ್ಚಿಯ ಬೆನ್ನಿಗೆ ಬಟ್ಟೆ ಹೊದಿಸಿದರು. ಅದಕ್ಕೆ ‘ಆಂಟಿಮಕಾಸರ್’ ಎಂದೇ ಹೆಸರು. ನಮ್ಮ ಬೈಠಕ್‌ಖಾನೆಗಳ ಕಸೂತಿಯ ಕುರ್ಚಿಬಟ್ಟೆಯೂ ಇದೇ ಜಾತಿಯದು.

1928ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ ಬ್ರಿಲ್‌ಕ್ರೀಮ್, ಎಣ್ಣೆಯೊಡನೆ ನೀರನ್ನೂ ಸೇರಿಸಿ ಜೇನುಮೇಣದಿಂದ ಹಿಡಿದಿಟ್ಟ ಲೇಪ. ಹಾಗಾಗಿ ಬರಿಯ ಎಣ್ಣೆಯಷ್ಟು ಜಿಡ್ಡೆನಿಸದು. ನಮ್ಮ ಕ್ರಿಕೆಟಿಗ ಫರೂಕ್ ಎಂಜಿನಿಯರ್ ಅದರ ಜಾಹೀರಾತಿನಲ್ಲಿ ಮಿಂಚಿದರು.

ಇಂದು ಅಂಗಡಿಯ ಮುಂದೆ ನಿಂತು ಯಾವುದನ್ನು ಕೊಳ್ಳಲಿ ಎನ್ನುವವರು ಈ ಚರಿತ್ರೆಯಿಂದಲೇ ಉತ್ತರ ಪಡೆಯಬಹುದು. ಎಣ್ಣೆ, ಮೇಣಗಳ ಲೇಪ ಗಟ್ಟಿಯಾಗಿ ಒಣಗುವುದಿಲ್ಲ. ಸಂಜೆ ಮತ್ತೆ ಬಾಚಬಹುದು, ಆದರೆ ಬರಿಯ ನೀರಿಗೆ ಸುಲಭವಾಗಿ ಹೋಗದು. ಜೆಲ್ ನೀರಿನಲ್ಲಿ ಕರಗಿದ ಅಂಟು; ಒಣಗಿ ಪೊರೆಯಾಗಿ ಕೂದಲನ್ನು ಹಿಡಿದಿಡುತ್ತದೆ, ಬಾಚಿದರೆ ಹೊಟ್ಟಿನಂತೆ ಉದುರುತ್ತದೆ, ನೀರು ಬಿದ್ದರೆ ತೊಳೆದುಹೋಗುತ್ತದೆ. ತೆಳುಗೂದಲು ದಟ್ಟವಾಗಿ ಕಾಣಲೆಂದು ಉದುರಿಸುವ ಪುಡಿಯೂ ಈಗ ಮರಳಿ ಬಂದಿದೆ. ಈ ಪುಡಿಗಳಲ್ಲಿ ಮುಖ್ಯವಾಗಿ ಬಳಕೆಯಾಗುವುದು ಸಿಲಿಕಾ. ಅದಕ್ಕಾಗಿ ಯಾರ ರೊಟ್ಟಿಯನ್ನೂ ಕಸಿಯಬೇಕಾಗಿಲ್ಲ.