ಕಲನಪೂರ್ವ ಗಣಿತ: ಶಿಕಾರಿಪುರ–ಸೊರಬ ಸೀಮೆ

ಅಂಕಗಣಿತವನ್ನೂ ಪ್ರಾರಂಭಿಕ ಬೀಜಗಣಿತವನ್ನೂ ಮುಗಿಸಿದ ವಿದ್ಯಾರ್ಥಿಯನ್ನು ಕಲನಶಾಸ್ತ್ರಕ್ಕೆ ಅಣಿಗೊಳಿಸುವ ಗಣಿತಭಾಗಕ್ಕೆ ಕಲನಪೂರ್ವ ಗಣಿತವೆಂದು ಹೆಸರು. ಉತ್ಪನ್ನಗಳು, ತ್ರಿಕೋನಮಿತಿ, ಶ್ರೇಢಿಗಳು, ಕ್ರಮಯೋಜನೆ ಮತ್ತು ವಿಕಲ್ಪ, ಸಮ್ಮಿಶ್ರ ಸಂಖ್ಯೆಗಳು, ಶಾಂಕವಗಳು ಇದರ ಮುಖ್ಯಾಂಗಗಳು. ಅಮೆರಿಕದ ಪ್ರೌಢಶಾಲೆಗಳಲ್ಲಿ ಇದನ್ನೇ ಮೇಲ್ಮಟ್ಟದ ವಿದ್ಯಾರ್ಥಿಗಳಿಗೆ ‘ಹಾನರ್ಸ್’ ಎಂಬ ವಿಶೇಷಣದೊಡನೆ ಬೋಧಿಸುವುದುಂಟು. ಕರ್ನಾಟಕದಲ್ಲಿ ಪ್ರಥಮ ಪಿ.ಯು.ಸಿ.ಯ ಗಣಿತ ಹೆಚ್ಚುಕಡಮೆ ಅದರ ಸ್ಥಾನದಲ್ಲಿದೆ.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳಿಗೆ ವಿದ್ಯೆ ಹೊಸದಲ್ಲ. ಕದಂಬ ವಂಶದ ಸ್ಥಾಪಕನಾದ ಮಯೂರಶರ್ಮನು ವಿದ್ಯಾರ್ಥಿಯಾಗಿ ಗುರುವಿನೊಡನೆ ಕಂಚಿಯ ಘಟಿಕೆಯೆಂಬ ವಿದ್ಯಾಪೀಠಕ್ಕೆ ತೆರಳಿದುದನ್ನು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ ಹೇಳುತ್ತದೆ. ಅದೇ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯಮಠವಂತೂ ವೇದ, ವ್ಯಾಕರಣ, ದರ್ಶನ, ಕಾವ್ಯ, ನಾಟಕಗಳ ಅಧ್ಯಯನಕ್ಕೆ ಎಡೆಯಾಗಿದ್ದಿತೆಂದು 1162ರ ಶಾಸನ ವಿಸ್ತಾರವಾಗಿ ವರ್ಣಿಸುತ್ತದೆ. ಆದರೆ ಇಷ್ಟರಿಂದಲೇ ಅಲ್ಲಿ ಗಣಿತಕ್ಕೆ ಪ್ರತ್ಯೇಕ ಪೀಠವಿದ್ದಿತೆಂದು ಸಾಧಿಸಹೊರಡುವುದು ಅಭಿಮಾನದ ಮಾತಾದೀತೇ ಹೊರತು ಇತಿಹಾಸವಾಗಲಾರದು.

ಗಣಿತದ ಸಾಕ್ಷ್ಯ ದೊರೆಯುವುದು ಬೇರೆಡೆ. ಈ ಸೀಮೆಯನ್ನೊಳಗೊಂಡ ಬನವಾಸಿ ಹನ್ನೆರಡು ಸಾಸಿರವನ್ನು ಬಂಕೆಯನು ಆಳುತ್ತಿದ್ದ ಕಾಲದಲ್ಲಿ, ಅವನ ಪ್ರಭುವಾದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ, ಜೈನಾಚಾರ್ಯ ಮಹಾವೀರನು ಸುಮಾರು 850ರಲ್ಲಿ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದನು. ಋಣಸಂಖ್ಯೆ ಸ್ವಭಾವತಃ ವರ್ಗವಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಅವನು ಸಾರಿದನು. ಇಂದಿನ ವಿದ್ಯಾರ್ಥಿ ಸಮ್ಮಿಶ್ರ ಸಂಖ್ಯೆಗಳ ಪಾಠವನ್ನು ಆರಂಭಿಸುವುದು ಮಹಾವೀರನು ನಿಂತ ಈ ಗಡಿಯಿಂದಲೇ. ವಿಕಲ್ಪಗಳ ಸಾಮಾನ್ಯ ಸೂತ್ರವನ್ನು ಕೊಟ್ಟು ಅವನು ಷಡ್ರಸಗಳನ್ನು ಉದಾಹರಿಸುತ್ತಾನೆ. ಆರು ರುಚಿಗಳಲ್ಲಿ ಮೂರು ಮೂರನ್ನು ಕೂಡಿಸಬೇಕಾದರೆ, 6, 5, 4ರ ಗುಣಲಬ್ಧವಾದ 120ನ್ನು 1, 2, 3ರ ಗುಣಲಬ್ಧವಾದ 6ರಿಂದ ಭಾಗಿಸಿದಾಗ 20 ಬಗೆಗಳು ಬರುತ್ತವೆ. ಒಂದರಿಂದ ಆರರವರೆಗಿನ ಎಲ್ಲ ಕೂಟಗಳನ್ನೂ ಎಣಿಸಿದರೆ ಒಟ್ಟು 63. ಪಿ.ಯು. ತರಗತಿಯ ಕಪ್ಪುಹಲಗೆಯ ಮೇಲೆ ಮೂಡುವ ಲೆಕ್ಕವೂ ಇದೇ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಗ್ರಂಥಗಳಿಂದ ಗಣಿತವಿದ್ಯೆಯನ್ನು ಕನ್ನಡಕ್ಕೆ ತಂದನು.

ತರುವಾಯದ ಕೂಲಿಮಠಗಳೆಂಬ ಊರ ಶಾಲೆಗಳಲ್ಲಿ ಐಗಳು, ಎಂದರೆ ಉಪಾಧ್ಯಾಯರು, ಮರಳ ಮೇಲೆ ಅಂಕಿ ತಿದ್ದಿಸಿ, ಕಾಲು, ಅರೆ, ಮುಕ್ಕಾಲು ಮಗ್ಗಿಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಅಂಗಡಿಗೂ ಶಾನುಭೋಗಿಕೆಗೂ ಅಷ್ಟು ಸಾಕಾಗುತ್ತಿದ್ದಿತು.

ಆಧುನಿಕ ಪಠ್ಯಕ್ರಮವಾಗಿ ಈ ಗಣಿತ ಬಂದುದು ಇಂಟರ್‌ಮೀಡಿಯಟ್ ತರಗತಿಗಳ ಮೂಲಕ. ಜಿಲ್ಲಾಕೇಂದ್ರವಾದ ಶಿವಮೊಗ್ಗೆಯಲ್ಲಿ 1940ರಲ್ಲಿ ಇಂಟರ್‌ಮೀಡಿಯಟ್ ಕಾಲೇಜು ಸ್ಥಾಪಿತವಾಯಿತು. ಅದೇ ಮುಂದೆ ಸಹ್ಯಾದ್ರಿ ಕಾಲೇಜೆನಿಸಿತು. ಕೊಠಾರಿ ಶಿಕ್ಷಣ ಆಯೋಗದ (1964–66) ತರುವಾಯ ಹತ್ತು ವರ್ಷದ ಶಾಲೆ, ಎರಡು ವರ್ಷದ ಪಿ.ಯು.ಸಿ. ಎಂಬ ಕ್ರಮ ರೂಢಿಗೆ ಬಂದು, ಈ ಪಾಠ ತಾಲ್ಲೂಕು ಕೇಂದ್ರಗಳಿಗೂ ಇಳಿಯಿತು. 2012–13ರಿಂದ ರಾಷ್ಟ್ರೀಯ ಪಠ್ಯಕ್ರಮವೇ ಪ್ರಥಮ ಪಿ.ಯು. ವಿಜ್ಞಾನಕ್ಕೆ ಆಧಾರವಾಗಿದೆ.

ಇಲ್ಲಿನ ತೊಡಕು ವಿಷಯದ ಕಾಠಿನ್ಯಕ್ಕಿಂತ ಮಿಗಿಲಾಗಿ ಭಾಷೆಯದು. ಈ ಸೀಮೆಯ ಶಿರಾಳಕೊಪ್ಪದಲ್ಲಿಯೋ ಆನವಟ್ಟಿಯಲ್ಲಿಯೋ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ವರ್ಗಸಮೀಕರಣವನ್ನು ಬಿಡಿಸಿದ ವಿದ್ಯಾರ್ಥಿ, ಒಂದು ಬೇಸಗೆ ಕಳೆಯುವುದರೊಳಗೆ, ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ನಡೆಯುವ ಪಾಠವನ್ನು ಎದುರಿಸಬೇಕಾಗುತ್ತದೆ. ಪಠ್ಯಪುಸ್ತಕದ ಕೊನೆಗೆ ಕನ್ನಡ ಪಾರಿಭಾಷಿಕ ಪದಗಳ ಪಟ್ಟಿಯೊಂದನ್ನು ಸೇರಿಸುವುದು ಇದಕ್ಕೆ ಅತ್ಯಲ್ಪ ವೆಚ್ಚದ ಪರಿಹಾರ.