ಒಂದೇ ಹರಳಿನಲ್ಲಿ ನೀಲ ಮತ್ತು ಪುಷ್ಯರಾಗ

ನೀಲದ ಹೆಸರೆತ್ತಿದರೆ ನಮ್ಮ ಮನೆಗಳಲ್ಲಿ ಹಿರಿಯರು ಸ್ವಲ್ಪ ಹಿಂಜರಿಯುತ್ತಾರೆ. ಅದು ಶನಿಯ ಕಲ್ಲು. ಆಗಿಬಂದರೆ ಸರಿ, ಆಗದಿದ್ದರೆ ಮನೆಯನ್ನೇ ತೊಳೆದುಬಿಡುತ್ತದೆ ಎಂಬ ಭಯ. ಪುಷ್ಯರಾಗ ಗುರುವಿನ ಕಲ್ಲು. ಅದಕ್ಕೆ ಯಾರದೂ ತಕರಾರಿಲ್ಲ. ಹೀಗಿರುವಾಗ ಒಂದು ಬದಿ ನೀಲಿ, ಇನ್ನೊಂದು ಬದಿ ಹಳದಿ ಇರುವ ಹರಳು ಕೈಗೆ ಬಂದರೆ ಅದನ್ನು ಏನೆಂದು ಕರೆಯುವುದು? ಊರಿನ ಕಡೆಯ ರತ್ನದ ಅಂಗಡಿಗಳಲ್ಲಿ ಅದಕ್ಕೆ ‘ಪೀತಾಂಬರಿ ನೀಲಂ’ ಎನ್ನುತ್ತಾರೆ. ನಾವಿರುವ ಆಸ್ಟ್ರೇಲಿಯದಲ್ಲಿ ಅದೇ ‘ಪಾರ್ಟಿ ಸಫೈರ್’. ಇಲ್ಲಿ ಪಾರ್ಟಿ ಎಂದರೆ ಔತಣವಲ್ಲ. ಬಣ್ಣಗಳು ಪಾಲಾಗಿವೆ ಎಂಬ ಹಳೆಯ ಅರ್ಥ. ಜಗತ್ತಿನಲ್ಲಿ ಇಂಥ ಹರಳುಗಳಿಗೆ ಹೆಸರಾದ ನೆಲಗಳಲ್ಲಿ ನಮ್ಮ ಕ್ವೀನ್ಸ್‌ಲೆಂಡ್ ಒಂದು. ಆದ್ದರಿಂದ ಅದರ ಚರಿತ್ರೆಯನ್ನೂ ಅದನ್ನು ನೋಡಿ ಬೆಲೆಕಟ್ಟುವ ಬಗೆಯನ್ನೂ ನಮ್ಮ ಸದಸ್ಯರು ತಿಳಿದಿರುವುದು ಒಳ್ಳೆಯದು.

ಒಂದೇ ಒಡಲಿನ ಕಲ್ಲುಗಳು

ಕೆಂಪು, ನೀಲ, ಪುಷ್ಯರಾಗ ಇವು ಮೂರೂ ನವರತ್ನಗಳಲ್ಲಿ ಬೇರೆ ಬೇರೆ ಮನೆಗಳಲ್ಲಿ ಕುಳಿತಿದ್ದರೂ ವಿಜ್ಞಾನದ ಕಣ್ಣಿಗೆ ಒಂದೇ ಖನಿಜ. ಅದರ ಹೆಸರು ಕುರುಂದ. ಇಂಗ್ಲಿಷಿನ ‘ಕೊರಂಡಮ್’ ಶಬ್ದ ಹುಟ್ಟಿದ್ದೂ ನಮ್ಮ ದಕ್ಷಿಣದ ಭಾಷೆಗಳಿಂದಲೇ. ಹಳೆಯ ಮೈಸೂರು ಸೀಮೆಯಲ್ಲೂ ಕುರುಂದ ಸಿಗುತ್ತದೆ. ಅದರ ಪುಡಿಯನ್ನು ಅರಗಿನಲ್ಲಿ ಬೆರೆಸಿ ಮಾಡಿದ ಚಕ್ರದ ಮೇಲೆ ಸಾಣೆಯವರು ಕತ್ತಿ ಮಸೆಯುತ್ತಿದ್ದರು. ಗಡಸುತನದ ಪಟ್ಟಿಯಲ್ಲಿ ವಜ್ರ 10 ಆದರೆ ಕುರುಂದ 9.

ಶುದ್ಧ ಕುರುಂದಕ್ಕೆ ಬಣ್ಣವೇ ಇಲ್ಲ. ಅದು ಬರಿಯ ಅಲ್ಯುಮಿನಿಯಂ ಮತ್ತು ಆಮ್ಲಜನಕ. ಬಣ್ಣ ಬರುವುದು ಅದರೊಳಗೆ ಸೇರಿಕೊಂಡ ಬೇರೆ ಲೋಹಗಳಿಂದ. ಬರಿಯ ಕಬ್ಬಿಣವಿದ್ದರೆ ಹಳದಿ. ಕಬ್ಬಿಣದ ಜೊತೆಗೆ ಟೈಟೇನಿಯಂ ಸೇರಿದರೆ ನೀಲಿ. ಈ ಟೈಟೇನಿಯಂ ಸಾವಿರಕ್ಕೆ ಒಂದು ಪಾಲೂ ಬೇಕಾಗಿಲ್ಲ. ಭೂಮಿಯ ಆಳದಲ್ಲಿ ಹರಳು ಪದರ ಪದರವಾಗಿ ಬೆಳೆಯುವಾಗ ಒಮ್ಮೆ ಟೈಟೇನಿಯಂ ಸಿಕ್ಕಿ, ಇನ್ನೊಮ್ಮೆ ಸಿಗದೆ ಹೋದರೆ ಒಂದೇ ಹರಳಿನಲ್ಲಿ ಎರಡು ಬಣ್ಣಗಳು ನಿಲ್ಲುತ್ತವೆ. ಆ ಪದರಗಳು ತೀರ ತೆಳ್ಳಗಿದ್ದರೆ ನೀಲಿ ಹಳದಿ ಎರಡೂ ಕೂಡಿ ಕಣ್ಣಿಗೆ ಹಸಿರಾಗಿ ಕಾಣುವುದುಂಟು.

ಹಿಂದಿನವರ ಪರೀಕ್ಷೆ

ರತ್ನಪರೀಕ್ಷೆ ನಮ್ಮಲ್ಲಿ ಹಳೆಯ ವಿದ್ಯೆ. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 12ನೆಯ ಶತಮಾನದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ, ರಾಜನ ಭಂಡಾರದ ವಿಷಯ ಬರುವಲ್ಲಿ ರತ್ನಗಳ ಗುಣದೋಷಗಳ ವಿಚಾರವಿದೆ. ವಿಜಯನಗರದ ಪೇಟೆಯಲ್ಲಿ ಕೆಂಪು, ವಜ್ರ, ಪಚ್ಚೆ, ಮುತ್ತುಗಳನ್ನು ಬಹಿರಂಗವಾಗಿ ಮಾರುತ್ತಿದ್ದುದನ್ನು 1443ರಲ್ಲಿ ಬಂದಿದ್ದ ಅಬ್ದುರ್ ರಜಾಕ್ ಬರೆದಿಟ್ಟಿದ್ದಾನೆ.

ನೀಲಕ್ಕೆ ಹಿಂದಿನವರು ಹೇಳಿದ ಒಂದು ಪರೀಕ್ಷೆ ಪ್ರಸಿದ್ಧವಾದದ್ದು. ಹರಳನ್ನು ಅದರ ನೂರು ಪಾಲು ಹಾಲಿನಲ್ಲಿ ಹಾಕಿದಾಗ ಹಾಲೆಲ್ಲ ನೀಲಿಯಾಗಿ ಕಂಡರೆ ಅದು ಮಹಾನೀಲ. ಈ ಪರೀಕ್ಷೆ ಅಳೆಯುವುದು ಏನನ್ನು? ಒಂದೇ ಬಣ್ಣದ ದಟ್ಟತೆಯನ್ನು. ಎರಡು ಬಣ್ಣದ ಹರಳು ಇದರಲ್ಲಿ ಗೆಲ್ಲುವುದು ಸಾಧ್ಯವೇ ಇಲ್ಲ. ಬಣ್ಣ ಸಮನಾಗಿಲ್ಲದಿರುವುದನ್ನು ದೋಷವೆಂದು ಎಣಿಸಿದವರು ನಮ್ಮವರು ಮಾತ್ರವಲ್ಲ, ಯುರೋಪಿನ ವರ್ತಕರೂ ಅದನ್ನೇ ಹೇಳಿದರು. ಹೀಗಾಗಿ ಇಂಥ ಹರಳನ್ನು ಎರಡಾಗಿ ಕೊಯ್ದು ನೀಲಿ ಬೇರೆ, ಹಳದಿ ಬೇರೆ ಮಾಡುತ್ತಿದ್ದುದೂ ಉಂಟು, ಅಗ್ಗಕ್ಕೆ ಮಾರಿಬಿಡುತ್ತಿದ್ದುದೂ ಉಂಟು.

ಕ್ವೀನ್ಸ್‌ಲೆಂಡಿನ ಹರಳಿನ ಹೊಲ

ಮಧ್ಯ ಕ್ವೀನ್ಸ್‌ಲೆಂಡಿನ ಅನಾಕಿ ಸೀಮೆಯಲ್ಲಿ, ರಿಟ್ರೀಟ್ ಕ್ರೀಕ್ ಎಂಬ ಹಳ್ಳದ ಬಳಿ, 1875ರಲ್ಲಿ ಆರ್ಚಿಬಾಲ್ಡ್ ರಿಚರ್ಡ್‌ಸನ್ ಎಂಬ ಸರ್ವೇಯರ್‌ಗೆ ನೀಲದ ಹರಳುಗಳು ಸಿಕ್ಕವು. ಇಂದು ಅಲ್ಲಿ ಸಫೈರ್, ರೂಬಿವೇಲ್ ಎಂಬ ಹೆಸರಿನ ಊರುಗಳೇ ಇವೆ. ಬಹು ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಯ ಲಾವಾರಸ ಈ ಹರಳುಗಳನ್ನು ಆಳದಿಂದ ಮೇಲಕ್ಕೆ ಹೊತ್ತು ತಂದಿತು. ಬಂಡೆ ಸವೆದ ಮೇಲೆ ಹರಳುಗಳು ಹಳ್ಳದ ಮರಳುಗಲ್ಲಿನಲ್ಲಿ ಉಳಿದುಕೊಂಡವು. ಜೋರು ಮಳೆ ಬಂದು ಬಿಸಿಲು ಬಿದ್ದ ಮೇಲೆ ನೆಲದಲ್ಲಿ ಮಿನುಗುವ ಹರಳನ್ನು ಹುಡುಕುತ್ತ ನಡೆಯುವ ಅಭ್ಯಾಸ ಅಲ್ಲಿ ಇಂದಿಗೂ ಇದೆ.

ಮೊದಲ ಮಹಾಯುದ್ಧಕ್ಕೆ ಮುಂಚೆ ಇಲ್ಲಿನ ಹರಳುಗಳನ್ನು ಹೆಚ್ಚಾಗಿ ಕೊಂಡವರು ಜರ್ಮನ್ ವರ್ತಕರು. ಯುದ್ಧ ಬಂದಾಗ ಆ ವ್ಯಾಪಾರ ಕುಸಿಯಿತು. ಮುಂದೆ 1960 ಮತ್ತು 70ರ ದಶಕಗಳಲ್ಲಿ ಥಾಯ್ಲೆಂಡಿನ ವರ್ತಕರು ಬಂದರು. ಅವರು ಹರಳುಗಳನ್ನು ತಮ್ಮ ದೇಶಕ್ಕೆ ಒಯ್ದು, ಕುಲುಮೆಯಲ್ಲಿ ಕಾಯಿಸಿ, ಕೊಯ್ದು ಜಗತ್ತಿಗೆಲ್ಲ ಮಾರಿದರು. ಅಂಗಡಿ ತಲುಪುವ ಹೊತ್ತಿಗೆ ಎಷ್ಟೋ ಹರಳುಗಳು ಆಸ್ಟ್ರೇಲಿಯದ ಹೆಸರನ್ನು ಕಳೆದುಕೊಂಡು ಥಾಯ್ ನೀಲ, ಸಿಂಹಳದ ನೀಲ ಎನಿಸಿಕೊಂಡಿದ್ದವು. ತೀರ ಕಪ್ಪಾಗಿ ಉಳಿದ ಕಲ್ಲಿಗೆ ಮಾತ್ರ ‘ಆಸ್ಟ್ರೇಲಿಯದ್ದು’ ಎಂಬ ಹೆಸರು ಅಂಟಿತು! ಒಳ್ಳೆಯದಕ್ಕೆಲ್ಲ ಬೇರೆ ಊರಿನ ಹೆಸರು, ಕೆಟ್ಟದ್ದಕ್ಕೆ ಸ್ವಂತ ಊರಿನ ಹೆಸರು. ಈ ಅಪಖ್ಯಾತಿ ಕಳೆಯಲು ಹಲವು ದಶಕಗಳೇ ಬೇಕಾದವು. ಈಚಿನ ವರ್ಷಗಳಲ್ಲಿ ಮದುವೆಯ ಉಂಗುರಕ್ಕೆ ಪಾರ್ಟಿ ಸಫೈರನ್ನೇ ಕೇಳಿ ಕೊಳ್ಳುವವರು ಹೆಚ್ಚಿದ್ದಾರೆ. ಒಂದು ಹರಳಿನಂತೆ ಇನ್ನೊಂದಿಲ್ಲ ಎಂಬುದೇ ಈಗ ಅದರ ಆಕರ್ಷಣೆ.

ಹರಳನ್ನು ನೋಡುವುದು ಹೇಗೆ?

ಮೊದಲು ಬೆಳಕು. ಅಂಗಡಿಯ ದೀಪದ ಕೆಳಗೆ ಎಲ್ಲ ಕಲ್ಲೂ ಚೆಂದ. ಹಗಲಿನ ನೆರಳು ಬೆಳಕಿನಲ್ಲಿ ನೋಡಬೇಕು. ಭಾರತದ ವರ್ತಕರು ಉತ್ತರದ ಕಿಟಕಿಯ ಬಳಿ ಕೂರುತ್ತಾರೆ. ಭೂಮಧ್ಯರೇಖೆಯ ಈಚೆ ಇರುವ ನಮಗೆ ದಕ್ಷಿಣದ ಕಿಟಕಿ.

ಎರಡನೆಯದು ಬಣ್ಣದ ಹಂಚಿಕೆ. ಉಂಗುರದಲ್ಲಿ ಕೂರಿಸಿದ ಮೇಲೆ ಕಾಣುವುದು ಮೇಲಿನ ಮುಖ ಮಾತ್ರ. ಆ ಮುಖದಲ್ಲಿ ಎರಡೂ ಬಣ್ಣ ಕಾಣಬೇಕು. ಬುಡದಲ್ಲಿ ಒಂದು ಚುಕ್ಕೆ ನೀಲಿ ಉಳಿಸಿಕೊಂಡು ಕೊಯ್ದರೆ ಮೇಲಿನಿಂದ ಇಡೀ ಕಲ್ಲು ನೀಲಿಯಾಗಿ ಕಾಣುತ್ತದೆ. ಸಿಂಹಳದ ಕುಶಲಿಗಳಿಗೆ ಈ ಜಾಣ್ಮೆ ಚೆನ್ನಾಗಿ ಗೊತ್ತು. ಎರಡು ಬಣ್ಣದ ಹರಳಿನಲ್ಲಿ ಬೇಕಾದದ್ದು ಇದರ ವಿರುದ್ಧ. ಗಡಿ ಸ್ಪಷ್ಟವಾಗಿರಬೇಕು, ಇಲ್ಲವೇ ಒಂದು ಬಣ್ಣ ಇನ್ನೊಂದಕ್ಕೆ ಹದವಾಗಿ ಇಳಿಯಬೇಕು. ಕೊಯ್ಯುವವನ ಕೈಗುಣ ಇಲ್ಲಿ ಅರ್ಧ ಬೆಲೆ ಎಂದರೂ ತಪ್ಪಿಲ್ಲ.

ಮೂರನೆಯದು ಒಂದು ಭ್ರಮೆ. ಯಾವ ನೀಲವಾದರೂ ಒಂದು ದಿಕ್ಕಿನಿಂದ ನೇರಳೆ ಛಾಯೆಯ ನೀಲಿ, ಇನ್ನೊಂದು ದಿಕ್ಕಿನಿಂದ ಹಸಿರು ಛಾಯೆಯ ನೀಲಿ ತೋರಬಹುದು. ಅದು ಎರಡು ಬಣ್ಣದ ಹರಳಲ್ಲ. ನಿಜವಾದ ಎರಡು ಬಣ್ಣವಾದರೆ ಹರಳನ್ನು ಹೇಗೆ ತಿರುಗಿಸಿದರೂ ಹಳದಿ ತನ್ನ ಜಾಗದಲ್ಲೇ ಇರುತ್ತದೆ.

ನಾಲ್ಕನೆಯದು ಅಸಲಿ, ನಕಲಿ. ಫ್ರಾನ್ಸಿನ ಅಗಸ್ಟ್ ವೆರ್ನೇಲ್ ಜ್ವಾಲೆಯಲ್ಲಿ ಕೃತಕ ಕೆಂಪನ್ನು ಬೆಳೆಸುವ ವಿಧಾನವನ್ನು 1902ರಲ್ಲಿ ತಿಳಿಸಿದ ಮೇಲೆ, ಕೆಲವೇ ವರ್ಷಗಳಲ್ಲಿ ಕೃತಕ ನೀಲವೂ ಬಂತು. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ನೋಡಿ. ನೆಲದಲ್ಲಿ ಬೆಳೆದ ಹರಳಿನ ಬಣ್ಣದ ಗೆರೆಗಳು ನೇರವಾಗಿದ್ದು ಮೂಲೆಯಲ್ಲಿ ಮುರಿದು ತಿರುಗುತ್ತವೆ. ಜ್ವಾಲೆಯಲ್ಲಿ ಬೆಳೆದದ್ದರ ಗೆರೆಗಳು ಬಾಗಿರುತ್ತವೆ, ಕೆಲವೊಮ್ಮೆ ಗಾಳಿಗುಳ್ಳೆಗಳೂ ಇರುತ್ತವೆ. ಎರಡು ತುಂಡು ಅಂಟಿಸಿದ ಕಲ್ಲೂ ಉಂಟು. ಬಿಡಿ ಹರಳನ್ನು ನೀರಿನಲ್ಲಿಟ್ಟು ಪಕ್ಕದಿಂದ ನೋಡಿದರೆ ಅಂಟಿನ ಗೆರೆ ಕಾಣಬಹುದು.

ಕೊನೆಯದು ಕಾಯಿಸಿದ್ದೋ ಅಲ್ಲವೋ ಎಂಬ ಪ್ರಶ್ನೆ. ಬರಿಯ ಶಾಖ ಕೊಟ್ಟ ಹರಳನ್ನು, ಹೇಳಿ ಮಾರಿದರೆ, ವ್ಯಾಪಾರದಲ್ಲಿ ಒಪ್ಪುತ್ತಾರೆ. ಕಾಯಿಸದ ಒಳ್ಳೆಯ ಹರಳಿಗೆ ಬೆಲೆ ಹೆಚ್ಚು. ಆದರೆ ಕಾಯಿಸುವಾಗ ಬೆರಿಲಿಯಂ ಸೇರಿಸಿ ಬಣ್ಣ ಬದಲಿಸುವ ತಂತ್ರವೊಂದು 2002ರ ಹೊತ್ತಿಗೆ ಬಯಲಾಯಿತು. ಇದನ್ನು ಭೂತಗನ್ನಡಿಯಿಂದ ಖಚಿತವಾಗಿ ಹೇಳಲಾಗದು, ಪ್ರಯೋಗಾಲಯವೇ ಬೇಕು. ದೊಡ್ಡ ಮೊತ್ತ ಕೊಡುವ ಮುಂಚೆ ಮಾರುವವನದಲ್ಲದ, ಸ್ವತಂತ್ರ ಪ್ರಯೋಗಾಲಯದ ಪತ್ರ ಕೇಳಿ. ‘ನಮ್ಮವರೇ, ಪರಿಚಯದವರೇ’ ಎಂಬ ಮಾತು ಆ ಪತ್ರಕ್ಕೆ ಸಮನಲ್ಲ. ವಜ್ರಕ್ಕಿರುವಂಥ ದರ್ಜೆಯ ಪಟ್ಟಿ ಈ ಹರಳಿಗೆ ಇಲ್ಲದಿರುವುದರಿಂದ ನಾಲ್ಕು ಕಡೆ ನೋಡಿಯೇ ಬೆಲೆ ತಿಳಿಯಬೇಕು.

ಸ್ವತಃ ಹುಡುಕುವ ಹುಮ್ಮಸ್ಸಿದ್ದರೆ, ಕ್ವೀನ್ಸ್‌ಲೆಂಡ್ ಸರ್ಕಾರದ ಪರವಾನಗಿ ಪಡೆದು, ಅದಕ್ಕೆಂದೇ ಗೊತ್ತುಮಾಡಿದ ಜಾಗಗಳಲ್ಲಿ ಅಗೆದು ಜರಡಿ ಹಿಡಿಯಬಹುದು. ಬೇಸಿಗೆಯಲ್ಲಿ ಬೇಡ, ಆ ಬಿಸಿಲು ನಮ್ಮ ರಾಯಚೂರಿನವರಿಗೂ ಜಾಸ್ತಿಯೇ. ಚಳಿಗಾಲದ ಶಾಲಾ ರಜೆ ಮಕ್ಕಳನ್ನು ಕರೆದೊಯ್ಯಲು ತಕ್ಕ ಸಮಯ. ಅಲ್ಲಿ ಸಿಕ್ಕ ಹರಳು ಶನಿಯದೋ ಗುರುವಿನದೋ ಎಂಬುದನ್ನು ಮಾತ್ರ ಯಾವ ಪ್ರಯೋಗಾಲಯವೂ ಹೇಳಲಾರದು. ಅದಕ್ಕೆ ಊರಿಗೆ ಫೋನ್ ಮಾಡಿ ಅಜ್ಜಿಯನ್ನೇ ಕೇಳಬೇಕು.